ಚಸ್ಮಾ ತೆಗೆಯದ ಡಾಕ್ಟರ್

ರಿಚರ್ಡ್‌ಸನ್ನಿನ ಆ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಗೆ ನಾನು ಬಾಡಿಗೆಗೆ ಬಂದ ಮೊದಲ ಆರು ತಿಂಗಳು, ಆ ಮನೆ ಹಿಡಿದಿದ್ದ ಕುಮುದಾ ಆಂಟಿ ಕುಳಿತು ಚಹಾ ಕುಡಿದದ್ದನ್ನು ನೋಡಲೇ ಇಲ್ಲ. ಒಲೆಯ ಮುಂದೆ ನಿಂತು ಎರಡು ಗುಟುಕು, ಕಿಟಕಿಯ ಹತ್ತಿರ ಒಂದು ಗುಟುಕು. ಉಳಿದದ್ದು ಸಿಂಕಿನ ಬಳಿ ತಣ್ಣಗಾಗುತ್ತಿತ್ತು.

"ಕೂತ್ಕೊಳ್ಳಿ ಆಂಟಿ" ಅಂದರೆ, "ಕುಂತ್ರ ತಲಿ ಓಡಾಕ ಹತ್ತತೈತಿ, ನಿಹಾರಿಕಾ. ಕಾಲು ಓಡಿದ್ರ ಅದು ಸುಮ್ಮನಿರತೈತಿ" ಎಂದು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದರು.

ಅವರಿಗೆ ಐವತ್ತೊಂಬತ್ತು. ಗದುಗಿನವರು. ಗಂಡ ಶಿವಪುತ್ರಪ್ಪ ಕುವೈತಿನಲ್ಲಿ ಏಸಿ ರಿಪೇರಿ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷ ಇಬ್ಬರೂ ಅಲ್ಲೇ ಇದ್ದರು. ಮಗಳು ಅಮೂಲ್ಯಾ ಆಸ್ಟಿನ್ನಿನ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿ, ಸೀಡರ್ ಪಾರ್ಕಿನಲ್ಲಿ ಮನೆ ಮಾಡಿ, ಅಪ್ಪ ಅಮ್ಮನನ್ನು ಕರೆಸಿಕೊಂಡಳು. ಅಪ್ಪನಿಗೆ ಸುಮ್ಮನೆ ಕೂರಲು ಆಗಲಿಲ್ಲ. ಹ್ಯೂಸ್ಟನ್ನಿನಲ್ಲಿ ಗೆಳೆಯ ಸಂಗನಬಸಪ್ಪನ ಏಸಿ ಅಂಗಡಿ ಇತ್ತು. "ಹ್ಯೂಸ್ಟನ್ ಸೆಕಿ ಅಂದ್ರ ನಮ್ಮಂಥವರಿಗೆ ಹಬ್ಬ" ಎಂದು ಹೆಂಡತಿಯನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ನಾಲ್ಕು ವರ್ಷದ ಮೇಲೆ ಅಲ್ಲೇ ತೀರಿಕೊಂಡರು. ಆಮೇಲೆ ಆಂಟಿ ಮಗಳ ಮನೆಯಲ್ಲಿ ಎರಡು ತಿಂಗಳಿದ್ದು, ಅಲ್ಲಿಂದಲೂ ಹೊರಟುಬಂದರು. "ಕಾರ್ ಇಲ್ಲದವರು ಆ ಊರಾಗ ಪೋಸ್ಟ್ ಡಬ್ಬಿ ತನಕ ಹೋಗಿ ಬರಬೇಕು, ಅಷ್ಟ. ಇಲ್ಲಿ ರೈಲರ ಐತಿ" ಎನ್ನುತ್ತಿದ್ದರು. ಅದು ಅರ್ಧ ಕಾರಣ. ಇನ್ನರ್ಧ ನನಗೆ ಗೊತ್ತಾಗಲು ಸಮಯ ಹಿಡಿಯಿತು.

ಅವರಿಗೆ ಅರಬ್ಬೀ ಬರುತ್ತಿತ್ತು. ಕಲಿಸಿದ್ದು ಯಾವ ಶಾಲೆಯೂ ಅಲ್ಲ, ಸಿನಿಮಾ. ಕುವೈತಿನಲ್ಲಿ ಶುಕ್ರವಾರ ರಜೆ. ರೊಟ್ಟಿ ಊಟ ಮುಗಿಸಿ ಗಂಡ ಹೆಂಡತಿ ಟಿವಿಯ ಮುಂದೆ ಚಾಪೆ ಹಾಸುತ್ತಿದ್ದರು. ಆ ಹೊತ್ತಿಗೆ ಈಜಿಪ್ಟಿನ ಹಳೆಯ ಕಪ್ಪುಬಿಳುಪು ಸಿನಿಮಾ ಬರುತ್ತಿತ್ತು. ಮೊದಲ ವರ್ಷ ಇಬ್ಬರಿಗೂ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೆ ತಿಳಿಯದೇ ಹೋಗುವಂಥದ್ದು ಅಲ್ಲಿ ಏನೂ ಇರಲಿಲ್ಲ. ಸಾಹುಕಾರನ ಮಗ ತೋಟದವನ ಮಗಳನ್ನು ಪ್ರೀತಿಸುತ್ತಾನೆ. ಅಪ್ಪ ಮಹಡಿಯ ಮೆಟ್ಟಿಲ ಮೇಲೆ ನಿಂತು ಗದರುತ್ತಾನೆ. ಆಸ್ತಿಯ ಕಾಗದ ಚಿಕ್ಕಪ್ಪನ ಪೆಟ್ಟಿಗೆಯಲ್ಲಿದೆ. ಹುಡುಗಿ ಹಾಡು ನಿಲ್ಲಿಸಿ ಕೆಮ್ಮುತ್ತಾಳೆ.

"ಹುಬ್ಬಳ್ಳಿ ಟಾಕೀಸಿನಾಗ ನೋಡಿದ ಕಥಿನ ಇದು. ಟೊಪ್ಪಗಿ ಅಷ್ಟ ಬ್ಯಾರೆ" ಎನ್ನುತ್ತಿದ್ದರಂತೆ ಶಿವಪುತ್ರಪ್ಪ.

ಮೂರನೆಯ ವರ್ಷಕ್ಕೆ ಆಂಟಿಯ ಬಾಯಲ್ಲಿ ಅರಬ್ಬೀ ಹರಿಯತೊಡಗಿತು. ಕಲಿತದ್ದೆಲ್ಲ ಪ್ರೇಮ, ದ್ರೋಹ, ಆಸ್ತಿ, ಅಳು. ಕೊಳೆತ ಟೊಮ್ಯಾಟೊ ಕೊಟ್ಟ ಮಾರ್ಕೆಟ್ಟಿನವನಿಗೆ ಅವರು "ನಿನ್ನ ನಂಬಿದ ಹೃದಯಕ್ಕೆ ಇದೇನಾ ನೀನು ಕೊಟ್ಟ ಬೆಲೆ?" ಎಂದಿದ್ದರಂತೆ. ಅವನು ನಕ್ಕು ನಕ್ಕು ಒಂದು ಬುಟ್ಟಿಯನ್ನೇ ಬಿಟ್ಟಿ ಕೊಟ್ಟನಂತೆ.

ಇಲ್ಲಿಗೆ ಬಂದ ಮೇಲೆ ಅವರಿಗೆ ಹತ್ತಿರದ ಕ್ಯಾರಲ್ಟನ್ನಿನ ದಿನಸಿ ಅಂಗಡಿಯೊಂದರಲ್ಲಿ ತರಕಾರಿ ತೂಗುವ ಕೆಲಸ. ಅಲ್ಲಿಗೆ ಬರುವ ಅರಬ್ ಗಿರಾಕಿಗಳ ಜೊತೆ ಅವರು ಮಾತಾಡುವುದನ್ನು ಕೇಳಿದ ನರ್ಸೊಬ್ಬಳು, ನಮ್ಮ ಮನೆಯಿಂದ ಎರಡು ಸ್ಟೇಷನ್ ಆಚೆಗಿನ ಒಂದು ಕ್ಲಿನಿಕ್ಕಿನಲ್ಲಿ ದುಭಾಷಿ ಬೇಕಾಗಿದ್ದಾರೆಂದು ಹೇಳಿದಳು. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಕಾಯಂ ಎಂದರು ಕ್ಲಿನಿಕ್ಕಿನವರು. ಎರಡು ದಿನ ತರಬೇತಿ. ಆಂಟಿ ನಿಯಮಗಳನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ಕೇಳಿದ್ದನ್ನೆಲ್ಲ ಹೇಳಬೇಕು. ಬಿಡಬಾರದು, ಸೇರಿಸಬಾರದು. ರೋಗಿಯ ಮನೆಯವರ ಜೊತೆ ಗುಟ್ಟು ಮಾತಾಡಬಾರದು. ಹೊರಗೆ ಅವರ ಸ್ನೇಹ ಮಾಡಬಾರದು. ರೋಗಿ 'ನನಗೆ ನೋವು' ಅಂದರೆ ದುಭಾಷಿಯೂ 'ನನಗೆ ನೋವು' ಅನ್ನಬೇಕು. ತನ್ನದೇ ಮಾತು ಹೇಳುವುದಿದ್ದರೆ 'ದುಭಾಷಿ ಹೇಳುತ್ತಾಳೆ' ಅನ್ನಬೇಕು.

"ದಿನಾನೂ ಮಂದಿ 'ನಾನು' ಹೇಳಿ ಹೇಳಿ, ಸಂಜಿಕ ನನ್ನ 'ನಾನು' ಎಲ್ಲಿ ಇಟ್ಟೀನಿ ಅಂತ ಹುಡುಕಬೇಕು ನೋಡವಾ" ಎಂದು ನಗುತ್ತಿದ್ದರು. ಕಿಡ್ನಿ, ಥೈರಾಯ್ಡುಗಳ ಶಬ್ದಗಳನ್ನು ಚೀಟಿಯಲ್ಲಿ ಬರೆದುಕೊಂಡು ರೈಲಿನಲ್ಲಿ ಬಾಯಿಪಾಠ ಮಾಡುತ್ತಿದ್ದರು. ಆದರೂ ಸಿನಿಮಾದ ಮಾತು ನಾಲಿಗೆ ಬಿಡಲಿಲ್ಲ. ಒಬ್ಬ ಟ್ಯಾಕ್ಸಿ ಡ್ರೈವರ್ ಅವರಿಗೆ ಕೈಮುಗಿದು ಹೇಳಿದನಂತೆ: "ತಾಯಿ, ನಿಮ್ಮ ಬಾಯಾಗ ನನ್ನ ಮೂಲವ್ಯಾಧಿನೂ ಪ್ರೇಮಕಥಿ ಆಗೇತಿ."

ಫ್ರಿಜ್ಜಿನ ಮೇಲಿನ ಮೊದಲ ನಿಯಮದ ಮುಂದೆ ಆಂಟಿ ಆಗಾಗ ನಿಲ್ಲುತ್ತಿದ್ದರು. ಕೇಳಿದ್ದನ್ನೆಲ್ಲ ಹೇಳಬೇಕು. ಒಂದು ಭಾನುವಾರ ಮೆಂತ್ಯ ಸೋಸುತ್ತ, ನಿಂತುಕೊಂಡೇ, ಮಗಳ ಮನೆ ಬಿಟ್ಟ ಆ ಇನ್ನರ್ಧ ಕಾರಣವನ್ನು ಹೇಳಿದರು.

ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಶಿವಪುತ್ರಪ್ಪನವರ ಹಾಸಿಗೆಯ ಪಕ್ಕ ಡಾಕ್ಟರಮ್ಮ ನಿಂತು, ಗಡ್ಡೆ ಎಲ್ಲ ಕಡೆ ಹರಡಿದೆ, ಇನ್ನು ಕೆಲವೇ ವಾರ ಎಂದಳು. ಅವರಿಗೆ ಆ ಇಂಗ್ಲಿಷ್ ಹತ್ತಲಿಲ್ಲ. ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕರೆಯುತ್ತೇವೆ ಅಂದದ್ದಕ್ಕೆ, "ಬ್ಯಾಡ, ನಾ ಹೇಳ್ತೀನಿ" ಎಂದು ಆಂಟಿಯೇ ಹೇಳಿದರು.

"ಏನಂತ ಹೇಳಿದ್ರಿ?"

"ಏನಿಲ್ಲಂತ್ರಿ, ಬರೇ ದಣಿವಂತ. ನಾಕು ದಿನ ಸಮುದ್ರದ ಗಾಳಿ ಕುಡದ್ರ ಹೂವಿನಂಗ ಆಗ್ತೀರಂತ. ಊರಿಗೆ ಹೋಗಿ ಗೋಕರ್ಣಕ್ಕ ಹೋಗೂಣು ಅಂದ್ನಿ." ಆಂಟಿ ಒಂದು ಮೆಂತ್ಯದ ಕಡ್ಡಿಯನ್ನು ಎರಡಾಗಿ, ನಾಲ್ಕಾಗಿ ಮುರಿದರು. "ನನ್ನ ಮಾರಿ ನೋಡಿದ್ರು. 'ಡಾಕ್ಟರ್ ಚಸ್ಮಾ ತಗದು ಹೇಳಿದ್ರೇನು?' ಅಂತ ಕೇಳಿದ್ರು. ಆ ಡಾಕ್ಟರಮ್ಮಗ ಚಸ್ಮಾನ ಇರಲಿಲ್ಲ. ಇಲ್ರಿ ಅಂದೆ. 'ಹಂಗಾರ ಅಡ್ಡಿಯಿಲ್ಲ' ಅಂತ ಕಣ್ಣು ಮುಚ್ಚಿದ್ರು. ನೋವಿನ ಔಷಧಕ್ಕ ಏನೇನೋ ಮಾತಾಡ್ತಿದ್ರು, ಪಾಪ."

ಆಮೇಲಿನ ಐದು ವಾರವೂ ಅವರು ಗೋಕರ್ಣದ ಮಾತು ಬಿಡಲಿಲ್ಲ. ಹುಬ್ಬಳ್ಳಿಯಿಂದ ಯಾವ ಬಸ್ಸು? ಖೋಲಿ ಸಮುದ್ರದ ಕಡೆಗೇ ಇರುತ್ತದೆಯೇ? ಒಂದೊಂದು ಪ್ರಶ್ನೆಗೂ ಆಂಟಿ ಒಂದೊಂದು ಸುಳ್ಳು ಹೆಣೆದರು. ಕರ್ಮವೆಲ್ಲ ಮುಗಿದ ಮೇಲೆ ಸೀಡರ್ ಪಾರ್ಕಿನ ಅಡುಗೆಮನೆಯಲ್ಲಿ ಅಮೂಲ್ಯಾ ಒಂದೇ ಒಂದು ಸಲ ಹೇಳಿದಳು: "ಅಪ್ಪಗ ಗೊತ್ತಿದ್ರ ನನ್ನ ಜೊತಿ ಏನರ ಮಾತಾಡ್ತಿದ್ದ. ಆ ಐದು ವಾರ ನೀ ಕಸಗೊಂಡಿ, ಅಮ್ಮ."

"ನಾ ಅವ್ರನ್ನ ಮೋಸದಾಗ ಕಳಿಸಿದ್ನೇನು, ನಿಹಾರಿಕಾ? ಅವ್ರಿಗೆ ಗೊತ್ತಿತ್ತೋ, ಇಲ್ಲೋ? ಅದೊಂದು ತಿಳದ್ರ ನಾ ಕುಂಡ್ರತಿದ್ದೆ."

ನಾನು ಮೆಂತ್ಯದ ಕಡ್ಡಿಗಳನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದೆ.

ಅಕ್ಟೋಬರಿನ ಒಂದು ಬುಧವಾರ ಕ್ಲಿನಿಕ್ಕಿಗೆ ಇನಾಯತ್ ಎಂಬ ಹೆಂಗಸು ಬಂದರು. ಎಪ್ಪತ್ತೆಂಟು ವರ್ಷ, ಈಜಿಪ್ಟಿನ ಕಡಲತೀರದ ಅಲೆಕ್ಸಾಂಡ್ರಿಯಾದವರು, ತುಟಿಗೆ ಬಣ್ಣ, ಕೈಯಲ್ಲಿ ಬೀಸಣಿಗೆ. ಜೊತೆಗೆ ಮಗ ಹಾತೆಮ್, ಟೈರ್ ಅಂಗಡಿಯವನು. ಹೊರಗಿನ ಬೆಂಚಿನ ಹತ್ತಿರ ಹಾತೆಮ್ ಆಂಟಿಯನ್ನು ಪಕ್ಕಕ್ಕೆ ಕರೆದು, ಅರಬ್ಬಿಯಲ್ಲಿ ಪಿಸುಗುಟ್ಟಿದ: ರಿಪೋರ್ಟು ನಾನು ನೋಡಿದ್ದೇನೆ, ಅಮ್ಮನಿಗೆ ಹೇಳಬೇಡಿ, ಕೇಳಿದರೆ ಇವತ್ತೇ ಸಾಯುತ್ತಾಳೆ. ಡಾಕ್ಟರ್ ಮುಂದೆಯೇ ಮಾತಾಡಿ ಎಂದು ಆಂಟಿ ಹೇಳಬೇಕಿತ್ತು. ಅವರು ಆಗಲಿ ಎಂದು ತಲೆಯಾಡಿಸಿದರು. ಗದುಗಿನಲ್ಲಿ ಯಾರ ಮನೆಯ ಮಗ ಕೇಳಿದ್ದರೂ ಹಾಗೆಯೇ ತಲೆಯಾಡಿಸುತ್ತಿದ್ದರು.

ಒಳಗೆ ಹೋದಾಗ ಡಾಕ್ಟರ್ ಹಾತೆಮ್‌ನನ್ನು ಹೊರಗೆ ಕಳಿಸಿದರು. ಮೊದಲು ರೋಗಿಯ ಜೊತೆಗೇ ಮಾತು ಎಂದರು. ಕೋಣೆಯಲ್ಲಿ ಉಳಿದವರು ಮೂವರೇ. ಡಾಕ್ಟರ್, ಇನಾಯತ್, ಆಂಟಿ. ಡಾಕ್ಟರ್ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: ಮೇದೋಜೀರಕದಲ್ಲಿ ಕ್ಯಾನ್ಸರ್ ಇದೆ, ಯಕೃತ್ತಿಗೂ ಹರಡಿದೆ, ಕೆಲವು ತಿಂಗಳುಗಳ ಮಾತು. ಹೇಳಿ ಆಂಟಿಯ ಕಡೆ ತಿರುಗಿದರು.

ಆಂಟಿಗೆ ಆ ಶಬ್ದಗಳೆಲ್ಲ ಬರುತ್ತಿದ್ದವು. ಚೀಟಿಯಲ್ಲಿದ್ದವು. ಬಾಯಿ ತೆರೆದಾಗ ಬಂದದ್ದು ಬೇರೆಯೇ.

ಮುಂದಿನದ್ದನ್ನು ಆಂಟಿ ನನಗೆ ಗದುಗಿನ ಕನ್ನಡದಲ್ಲೇ ಹೇಳಿದರು, ಆದ್ದರಿಂದ ಇನಾಯತ್ ಕೂಡ ನನ್ನ ಕಿವಿಯಲ್ಲಿ ಗದುಗಿನವರೇ.

"ಏನೂ ಇಲ್ಲಂತ, ಅಮ್ಮಾವರ. ಸ್ವಲ್ಪ ದಣಿವು ಅಷ್ಟ. ನಾಕು ದಿನ ಸಮುದ್ರದ ಗಾಳಿ ಕುಡದ್ರ ಹೂವಿನಂಗ ಆಗ್ತೀರಂತ."

ಇನಾಯತ್ ಬೀಸಣಿಗೆ ಮಡಚಿದರು. ಡಾಕ್ಟರನ್ನು ನೋಡಿದರು, ಆಂಟಿಯನ್ನು ನೋಡಿದರು. ಆಮೇಲೆ ನಕ್ಕರು. ಸಣ್ಣಗೆ ಶುರುವಾದ ನಗು ಕೆಮ್ಮಾಗುವವರೆಗೂ ಹೋಯಿತು.

"ಮಗಳ, ನಿನ್ನ ಡಾಕ್ಟರ್ ಚಸ್ಮಾ ತಗಿಯೂದು ಮರತಾನ ನೋಡು."

ಆಂಟಿಯ ಕೈಯಲ್ಲಿದ್ದ ಪೆನ್ನು ಬಿತ್ತು.

"ಹಿಂಗ ತಗದು, ಹಿಂಗ ಒರಸಿ, ಆಮ್ಯಾಲೆ ಸಮುದ್ರದ ಗಾಳಿ ಅನ್ನಬೇಕು" ಎಂದು ಇನಾಯತ್ ಇಲ್ಲದ ಕನ್ನಡಕವನ್ನು ಮೂಗಿನಿಂದ ತೆಗೆದು ಸೆರಗಿನಂತಿದ್ದ ಶಾಲಿನ ತುದಿಯಲ್ಲಿ ಒರೆಸಿ ತೋರಿಸಿದರು. "ನೂರು ಸಿನಿಮಾದಾಗ ನೋಡೀನಿ. ಆ ಮಾತು ಕೇಳಿದ ಹುಡುಗಿ ಒಬ್ಬಾಕಿನೂ ಉಳದಿಲ್ಲ. ನಾ ಹುಟ್ಟಿದ್ದ ಆ ಸಮುದ್ರದ ದಂಡಿಮ್ಯಾಲೆ. ಆ ಗಾಳಿಗೆ ಬಂದು ಗುಣ ಆದವರನ್ನ ನಾ ಅಂತೂ ಕಂಡಿಲ್ಲ. ಈಗ ಸರಿಯಾಗಿ ಹೇಳು. ಎಷ್ಟು ದಿನ?"

ಆಂಟಿ ಹೇಳಿದರು. ಚೀಟಿಯ ಶಬ್ದಗಳಲ್ಲಿ, ಡಾಕ್ಟರ್ ಹೇಳಿದ ಕ್ರಮದಲ್ಲಿ, ಒಂದನ್ನೂ ಬಿಡದೆ. ಹೇಳುವಷ್ಟು ಹೊತ್ತೂ ಇನಾಯತ್ ಅವರ ಮಣಿಕಟ್ಟು ಹಿಡಿದುಕೊಂಡಿದ್ದರು. ಆಮೇಲೆ ಆಂಟಿ ಡಾಕ್ಟರ ಕಡೆ ತಿರುಗಿ, ಕಲಿಸಿದ ಪ್ರಕಾರವೇ ಇಂಗ್ಲಿಷಿನಲ್ಲಿ ಹೇಳಿದರು: ದುಭಾಷಿ ಮೊದಲು ತಪ್ಪಾಗಿ ಹೇಳಿದಳು, ದುಭಾಷಿ ಈಗ ಸರಿಪಡಿಸಿದ್ದಾಳೆ, ಹೊರಗೆ ರೋಗಿಯ ಮಗ ಕೇಳಿಕೊಂಡದ್ದಕ್ಕೂ ದುಭಾಷಿ ತಲೆಯಾಡಿಸಿದ್ದಳು.

ಡಾಕ್ಟರು ಏನೋ ಬರೆದುಕೊಂಡರು. ಇನಾಯತ್‌ಗೆ ಪ್ರಶ್ನೆ ಇದೆಯೇ ಎಂದು ಕೇಳಿದರು.

"ನನಗೆ ಒಂದೇ ಮಾತು" ಎಂದರು ಆಂಟಿ, ಇನಾಯತ್ ಆಗಿ. "ನನಗೆ ಗೊತ್ತಿದೆ ಅನ್ನೋದು ನನ್ನ ಮಗನಿಗೆ ಗೊತ್ತಾಗಬಾರದು. ಅವನ ಎದೆ ಸಣ್ಣದು."

ಆ ಸಂಜೆ ಆಂಟಿ ನಮ್ಮ ಸ್ಟೇಷನ್ನಿನಲ್ಲಿ ಇಳಿಯಲಿಲ್ಲ. ರೈಲು ಹೋದಷ್ಟು ದೂರ ಹೋಗಿ, ಅದೇ ರೈಲಿನಲ್ಲಿ ವಾಪಸು ಬಂದರು. ಬಾಗಿಲು ತೆಗೆದಾಗ ಚಪ್ಪಲಿಯನ್ನೂ ಬಿಡದೆ ಬಂದು ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತರು. ಅವರು ಅಲ್ಲಿ ಕುಳಿತದ್ದು ನೋಡಿ ನನಗೆ ಹೆದರಿಕೆಯಾಯಿತು.

"ನಿಹಾರಿಕಾ, ನಮ್ಮನಿಯವ್ರು ಕೇಳಿದ್ರಲ್ಲ. ಚಸ್ಮಾ ತಗದು ಹೇಳಿದ್ರೇನು ಅಂತ ಕೇಳಿದ್ರಲ್ಲ."

ಕ್ಲಿನಿಕ್ಕಿನಲ್ಲಿ ನಡೆದದ್ದೆಲ್ಲವನ್ನೂ ಹೇಳಿದ ಮೇಲೆ ಅಂದರು: "ಆ ಸುಳ್ಳು ನಂದು ಅಂತ ತಿಳಕೊಂಡಿದ್ದೆ. ಸಿನಿಮಾದ ಸುಳ್ಳು ಅದು. ಅದನ್ನ ಹತ್ತೊಂಬತ್ತು ವರ್ಷ ನನ್ನ ಮಗ್ಗಲಾಗ ಮಲಗಿ ನೋಡಿದವರ ಮುಂದ ಹೇಳಿದ್ನಿ. ಡಾಕ್ಟರ್ ಚಸ್ಮಾಕ್ಕ ಕೈ ಹಾಕಿದ ಕೂಡಲೇ ಅವ್ರು 'ಮುಗೀತು ಕಥಿ, ಚಹಾ ಇಡು' ಅಂತಿದ್ರು. ನಾ ಎದ್ದು ಚಹಾ ಇಡತಿದ್ದೆ."

ನಾನು ಅಂದುಕೊಂಡೆ, ಇನ್ನು ಈ ಮನೆಯಲ್ಲಿ ಓಡಾಟ ನಿಲ್ಲುತ್ತದೆ. ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದ್ದಕ್ಕೆ ಉತ್ತರ ಸಿಕ್ಕಿತಲ್ಲ. ಅವರು ಕುಳಿತದ್ದು ಅರ್ಧ ಗಂಟೆ. ಆಮೇಲೆ ಎದ್ದರು.

"ಹಂಗಾರ ಐದು ವಾರ ಅವ್ರೊಬ್ರ ಹೊತ್ತಗೊಂಡ್ರು. ಬಸ್ಸು ಕೇಳಿದ್ದು, ಖೋಲಿ ಕೇಳಿದ್ದು, ಎಲ್ಲಾ ನನ್ನ ಸಲವಾಗಿ. ನಾ ಅವ್ರಿಗೆ ಧೈರ್ಯ ಹೇಳಾಕತ್ತೀನಿ ಅಂತ ತಿಳಕೊಂಡಿದ್ನಿ. ಅವ್ರ ನನಗ ಹೇಳಾಕತ್ತಿದ್ರು." ಕಟ್ಟೆ ಒರೆಸುವ ಬಟ್ಟೆ ಮತ್ತೆ ಅವರ ಕೈಗೆ ಬಂದಿತ್ತು.

ಮಗಳಿಗೆ ಅವತ್ತೇ ಫೋನ್ ಮಾಡಿದರು, ಸ್ಪೀಕರಿನಲ್ಲಿ ಹಾಕಿ, ಒರೆಸುತ್ತಲೇ. ಅಮೂಲ್ಯಾ ಎಲ್ಲ ಕೇಳಿಸಿಕೊಂಡಳು.

"ಮತ್ತ ಅಪ್ಪ ನನಗ್ಯಾಕ ಏನೂ ಹೇಳಲಿಲ್ಲ, ಅಮ್ಮ?"

"ನನಗೇನು ಗೊತ್ತವಾ."

"ಆ ತಿಂಗಳು ವಿಡಿಯೋ ಕಾಲ್ ಮಾಡಿ, ನಮ್ಮನಿ ಏಸಿ ಫಿಲ್ಟರ್ ಹೆಂಗ ಬದಲ್ ಮಾಡೂದು ಅಂತ ಹೇಳ್ತಿದ್ದ. ಮೂರು ಸಲ. ಮಂಚದ ಮ್ಯಾಲಿಂದ. ಲ್ಯಾಡರ್ ತಗೊಂಬಾ, ನಾ ನೋಡ್ತೀನಿ, ನೀನ ಮಾಡು ಅಂದ." ಅವಳ ಧ್ವನಿ ತೆಳುವಾಯಿತು. "ಮೀಟಿಂಗ್ ಐತಿ ಅಂದೆ. ಮೂರನೇ ಸಲ ಅಷ್ಟ ಮಾಡಿದೆ."

"ಮಾಡಿದಿಯಲ್ಲ" ಎಂದರು ಆಂಟಿ. "ಈಗ ಬದಲ್ ಮಾಡ್ತೀಯಿಲ್ಲ?"

"ಮೂರು ತಿಂಗಳಿಗೊಮ್ಮೆ."

ಆಂಟಿ ಬಟ್ಟೆ ಹಿಂಡಿ, ಒದ್ದೆ ಕೈಯಿಂದಲೇ ಫೋನ್ ಇಟ್ಟರು.

ಕ್ಲಿನಿಕ್ಕಿನವರು ಮೂರು ತಿಂಗಳು ಮುಗಿಯುವ ಮೊದಲೇ ಆಂಟಿಯನ್ನು ಕೆಲಸದಿಂದ ಬಿಡಿಸಿದರು. ಅದು ಸರಿಯೇ ಎಂದು ಆಂಟಿಯೂ ಒಪ್ಪಿದರು. "ಇನ್ನೊಬ್ಬಾಕಿ ಮುಂದನೂ ಬಾಯಿ ಹಂಗ ತೆರದ್ರ? ಎಲ್ಲಾರೂ ಸಿನಿಮಾ ನೋಡಿರೂದಿಲ್ಲ" ಎಂದರು. ಫ್ರಿಜ್ಜಿನ ಮೇಲಿನ ಚೀಟಿ ಕಿತ್ತು ಮತ್ತೆ ಕ್ಯಾರಲ್ಟನ್ನಿನ ತರಕಾರಿ ತಕ್ಕಡಿಯ ಹಿಂದೆ ನಿಂತರು. ಅಲ್ಲಿ ನಿಂತೇ ಇರಬಹುದು, ಯಾರೂ ಕುಳಿತುಕೋ ಅನ್ನುವುದಿಲ್ಲ.

ಎರಡು ವಾರದ ನಂತರ ಬೆಂಡೆಕಾಯಿ ಕೊಳ್ಳಲು ಬಂದ ಹಾತೆಮ್‌ನ ಜೊತೆ ಇನಾಯತ್ ಬಂದರು. ಆಂಟಿಯನ್ನು ಕಂಡು ಬೀಸಣಿಗೆಯಿಂದಲೇ ಗಲ್ಲಕ್ಕೆ ಒಂದು ಮೆತ್ತನೆಯ ಏಟು ಕೊಟ್ಟರು. ನಾನು ಅರಬ್ಬೀ ಮಾತಾಡುವವರಿಲ್ಲದೆ ಸಾಯುತ್ತಿದ್ದೇನೆ, ನೀನಿಲ್ಲಿ ಬದನೆಕಾಯಿ ತೂಗುತ್ತಿದ್ದೀಯಾ, ಶುಕ್ರವಾರ ಮನೆಗೆ ಬಾ, ಸಿನಿಮಾ ಇದೆ ಎಂದರಂತೆ. ಕೆಲಸ ಹೋದ ಮೇಲೆ ನಿಯಮವೂ ಹೋಗಿತ್ತು.

ಹಾಗಾಗಿ ಶುಕ್ರವಾರ ಮಧ್ಯಾಹ್ನ ನಾನೇ ಡ್ರೈವ್ ಮಾಡಿ ಕರೆದುಕೊಂಡು ಹೋದೆ. ಇನಾಯತ್‌ರದ್ದು ಕೆಳಮಹಡಿಯ ಸಣ್ಣ ಮನೆ. ನನಗೂ ಒಂದು ಗ್ಲಾಸು ಪುದೀನ ಹಾಕಿದ ಚಹಾ ಬಂತು. ಟಿವಿಯಲ್ಲಿ ಟೊಪ್ಪಿಗೆಯ ಅಪ್ಪ ಮೆಟ್ಟಿಲ ಮೇಲೆ ನಿಂತು ಗದರುತ್ತಿದ್ದ. ಇನಾಯತ್ ಸೋಫಾದಲ್ಲಿ ದಿಂಬಿಗೆ ಒರಗಿದ್ದರು. ಕ್ಲಿನಿಕ್ಕಿನಲ್ಲಿ ಕಂಡದ್ದಕ್ಕಿಂತ ಇನ್ನೂ ಸಣ್ಣಗಾಗಿದ್ದಾರೆಂದು ಆಂಟಿ ಬಾಗಿಲಲ್ಲೇ ನನಗೆ ಹೇಳಿದ್ದರು. ಆದರೂ ತುಟಿಯ ಬಣ್ಣ ತಪ್ಪಿರಲಿಲ್ಲ. ಆಂಟಿ ಪಕ್ಕದಲ್ಲಿ, ಸೋಫಾದ ಅಂಚಿನಲ್ಲಿ, ಅರ್ಧ ಕುಳಿತಿದ್ದರು. ಮಾತೆಲ್ಲವನ್ನೂ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಕ್ಲಿನಿಕ್ಕಿನ ರೂಢಿ ಬಿಟ್ಟಿರಲಿಲ್ಲ. ಯಾರು ಮಾತಾಡಿದರೂ 'ನಾನು' ಎಂದೇ ಹೇಳುತ್ತಿದ್ದರು.

ಹುಡುಗಿ ಕೆಮ್ಮಲು ಶುರುಮಾಡಿದ ಹೊತ್ತಿಗೆ ಹಾತೆಮ್ ಅಂಗಡಿಯಿಂದ ಬಂದ. ಕೈಯಲ್ಲಿ ಗ್ರೀಸಿನ ವಾಸನೆ. ಮಗ ಬಂದದ್ದೇ ಇನಾಯತ್ ದಿಂಬಿನಿಂದ ನೆಟ್ಟಗಾದರು, ರಂಗೇರಲೆಂದು ಕೆನ್ನೆಯನ್ನು ಎರಡು ಸಲ ಚಿವುಟಿಕೊಂಡರು. ಅವನು ಅಮ್ಮನ ಕಾಲಬಳಿ ಕುಳಿತು ಫೋನಿನಲ್ಲಿ ಚಿತ್ರಗಳನ್ನು ತೋರಿಸತೊಡಗಿದ. ಹ್ಯೂಸ್ಟನ್ ದಾಟಿದರೆ ಗ್ಯಾಲ್ವೆಸ್ಟನ್. ನೀರು, ಮರಳು, ಬಿಳಿ ಹೋಟೆಲು.

"ಅಮ್ಮ, ಡಾಕ್ಟರ್ ಹೇಳಿದಾರ, ನಿನಗ ದಣಿವು ಅಷ್ಟ" ಎಂದರು ಆಂಟಿ, ಹಾತೆಮ್ ಆಗಿ. "ನಾ ಅಂಗಡಿ ಒಂದು ವಾರ ಮುಚ್ತೀನಿ. ನಿನ್ನ ಸಮುದ್ರದ ಗಾಳಿಗೆ ಕರಕೊಂಡು ಹೋಗ್ತೀನಿ."

ಇನಾಯತ್ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಪ್ರತಿಯೊಂದು ಚಿತ್ರವನ್ನೂ ನೋಡಿದರು. ಒಂದು ಪ್ರಶ್ನೆ ಕೇಳಿದರು. ಧ್ವನಿಯಲ್ಲಿ ಎಳೆಯ ಹುಡುಗಿಯ ಆತುರ. ನನಗೆ ಅರ್ಥವಾಗದ ಭಾಷೆಯಾದರೂ, ಆ ನಟನೆ ಎಷ್ಟು ಚೆನ್ನಾಗಿದೆ ಎಂದು ನನಗೆ ತಿಳಿಯಿತು.

ಕನ್ನಡಕ್ಕಾಗಿ ನಾನು ಆಂಟಿಯ ಕಡೆ ನೋಡಿದೆ.

"ನನ್ನ ಖೋಲಿ" ಎಂದರು. ಗ್ಲಾಸನ್ನು ಟೀಪಾಯಿಯ ಮೇಲಿಟ್ಟರು. "ನನ್ನ ಖೋಲಿ ಸಮುದ್ರದ ಕಡೆಗ ಇರತೈತೇನು?"

ಹಾತೆಮ್ ಏನೋ ಉತ್ತರ ಕೊಟ್ಟ, ಅಮ್ಮನ ಕೈಗೆ ಮುತ್ತಿಟ್ಟ. ಅದನ್ನು ಆಂಟಿ ನನಗೆ ಹೇಳಲಿಲ್ಲ. ಟಿವಿಯಲ್ಲಿ ಡಾಕ್ಟರ್ ಕನ್ನಡಕಕ್ಕೆ ಕೈ ಹಾಕಿದ್ದ. ಆಂಟಿ ಎದ್ದು ನಿಂತರು, ಎಲ್ಲಿಗೆ ಹೋಗಬೇಕೆಂದು ತಿಳಿಯದವರ ಹಾಗೆ, ಅಡುಗೆಮನೆಯ ಕಡೆಗೆ ಒಂದು ಹೆಜ್ಜೆ ಇಟ್ಟರು. ಇನಾಯತ್ ಮಗನ ಮುಖದಿಂದ ಕಣ್ಣು ತೆಗೆಯಲಿಲ್ಲ, ನಗುವನ್ನೂ ಬಿಡಲಿಲ್ಲ. ಎಡಗೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಆಂಟಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು.